ಊರು ಬಂತು, ಏಳ್ರಿ

ನಮ್ಮೂರಿನಲ್ಲಿ ನೆಲದ ಮೇಲೆ ಯಾರಿಗೂ ನಿದ್ದೆ ಬರುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದಲೂ ಹೀಗೆಯೇ. ಹೊಸದಾಗಿ ಬಂದವರು ಮೊದಲ ಕೆಲವು ರಾತ್ರಿ ಮಂಚ, ಚಾಪೆ, ಜಗಲಿ, ಮಾಳಿಗೆ ಎಲ್ಲ ಕಡೆ ಹೊರಳಾಡಿ ನೋಡುತ್ತಾರೆ. ಆಮೇಲೆ ದಿಂಬು ಬಗಲಲ್ಲಿಟ್ಟುಕೊಂಡು ಸ್ಟೇಶನ್ನಿನ ದಾರಿ ಕೇಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂದು ನಿಲ್ಲುತ್ತದೆ, ಊರಿಗೆ ಊರೇ ಮನೆಗಳಿಗೆ ಬೀಗ ಜಡಿದು ಹತ್ತಿಕೊಳ್ಳುತ್ತದೆ. ಗಾಡಿ ಎಲ್ಲಿಗೋ ಹೋಗಿ, ಅಲ್ಲಿ ಇಂಜಿನ್ನು ಈ ತುದಿಯಿಂದ ಆ ತುದಿಗೆ ಬಂದು, ಬೆಳಕು ಹರಿಯುವಾಗ ನಮ್ಮನ್ನು ಹೊರಟಲ್ಲಿಗೇ ತಂದು ಇಳಿಸುತ್ತದೆ. ಅದು ಹೋಗುವುದೆಲ್ಲಿಗೆ ಎಂದು ಕೇಳಿದರೆ ಹೇಳುವವರಿಲ್ಲ. ಎಚ್ಚರವಿದ್ದವರಿದ್ದರೆ ತಾನೆ ಹೇಳುವುದು?

ಹೀಗಾಗಿ ನಮ್ಮ ಮನೆಗಳಲ್ಲಿ ಮಲಗುವ ಕೋಣೆಗಳಿಲ್ಲ. ಹೆಣ್ಣು ನೋಡಲು ಬಂದವರು ಹೊಲ ಎಷ್ಟು ಎಂದು ಕೇಳುವ ಮೊದಲು ಬರ್ತು ಯಾವುದು ಎಂದು ಕೇಳುತ್ತಾರೆ. ಕೆಳಗಿನ ಬರ್ತು ಇದ್ದವರ ಗತ್ತೇ ಬೇರೆ. ಮೇಲಿನದಕ್ಕೆ ಹತ್ತುವುದು ಕಷ್ಟ, ಹತ್ತಿದ ಮೇಲೆ ಮಾತ್ರ ಯಾರ ಹಂಗೂ ಇಲ್ಲ. ಎಲ್ಲಕ್ಕಿಂತ ಪಾಪದ್ದು ನಡುವಿನ ಬರ್ತು. ಹಗಲು ಅದು ಬರ್ತೇ ಅಲ್ಲ, ಕೆಳಗೆ ಕೂತವರ ಬೆನ್ನಿಗೆ ಆನಿಕೆ. ಕೆಳಗಿನವರು ಮಲಗಿದ ಮೇಲೆ ಅದನ್ನು ಎತ್ತಿ ಸರಪಳಿಗೆ ಸಿಕ್ಕಿಸಬೇಕು. ಅವರು ಮಲಗುವ ತನಕ ನಾವು ಅವರ ಬಾಯಿ ನೋಡುತ್ತ ಕೂತಿರಬೇಕು. ನಮ್ಮವ್ವನಿಂದ ನನಗೆ ಬಂದ ಆಸ್ತಿ ಎರಡೇ, ಒಂದು ಹಿಟ್ಟಿನ ಗಿರಣಿ, ಇನ್ನೊಂದು ಇಂಥ ನಡುವಿನ ಬರ್ತು. ಎರಡರಲ್ಲೂ ನೆಟ್ಟಗೆ ಕೂರಲು ಜಾಗವಿಲ್ಲ.

ಬೈಯುತ್ತೇನೆಂದು ಗಾಡಿಯ ಸುಖ ಸುಳ್ಳೆನ್ನಲಾರೆ. ಗಾಡಿ ಬಿಟ್ಟ ಕೂಡಲೇ ಬುತ್ತಿಯ ಗಂಟುಗಳು ಬಿಚ್ಚಿಕೊಳ್ಳುತ್ತವೆ, ಒಬ್ಬರ ಶೇಂಗಾ ಚಟ್ನಿ ಇನ್ನೊಬ್ಬರ ರೊಟ್ಟಿಯ ಮೇಲೆ ಬೀಳುತ್ತದೆ. ತಿರುಗದ ಫ್ಯಾನಿನ ರೆಕ್ಕೆಯನ್ನು ಯಾರೋ ಬಾಚಣಿಗೆ ತೂರಿಸಿ ದೂಡುತ್ತಾರೆ. ದೀಪ ಆರಿಸಿ ಎಂದು ಒಬ್ಬರು, ಇನ್ನೂ ಎಲೆ ಅಡಿಕೆ ಆಗಿಲ್ಲ ಎಂದು ಮತ್ತೊಬ್ಬರು. ಕಕ್ಕಸಿನ ವಾಸನೆ, ಯಾರದೋ ಗೊರಕೆ, ಯಾರದೋ ಕೂಸಿನ ಅಳು. ಆಮೇಲೆ ಗಾಲಿಯ ಸದ್ದು ಒಂದೇ ಸಮನಾಗುತ್ತದೆ, ಬರ್ತು ತೊಟ್ಟಿಲಿನ ಹಾಗೆ ತೂಗುತ್ತದೆ, ಹಗಲೆಲ್ಲ ಹಿಟ್ಟಿನಲ್ಲಿ ಮುಳುಗೆದ್ದ ನನ್ನಂಥವಳ ಎಲುಬು ಎಲುಬೂ ಸಡಿಲಾಗುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಂದು ಅರಮನೆ ಬೇಕೋ ಬರ್ತು ಬೇಕೋ ಎಂದರೆ ನಾನು ಮಗ್ಗುಲು ಬದಲಿಸುತ್ತೇನೆಯೇ ಹೊರತು ಉತ್ತರ ಕೂಡ ಕೊಡುವುದಿಲ್ಲ.

ನಮ್ಮಲ್ಲಿ ಎರಡು ಕಟ್ಟುಪಾಡುಗಳಿವೆ. ಗಾಡಿ ಬಿಟ್ಟ ಮೇಲೆ ಡಬ್ಬಿಯ ಬಾಗಿಲಿಗೆಲ್ಲ ಒಳಗಿನಿಂದ ಅಗಳಿ ಹಾಕಬೇಕು, ಕಿಟಕಿಯ ಷಟರ್ ಇಳಿಸಬೇಕು. ಯಾವ ಕಾಲದಲ್ಲೋ ದೇಸಾಯರ ಟ್ರಂಕು ಕಳುವಾದಂದಿನಿಂದ ಬಂದ ಪದ್ಧತಿ ಅದು. ಇನ್ನೊಂದು, ಊರು ಬರುವ ಮೊದಲು ಮಲಗಿದವರನ್ನು ಎಬ್ಬಿಸಬಾರದು. ಬೆಂಕಿ ಬಿದ್ದರೂ ಮೆಲ್ಲಗೆ ಹೇಳು ಎನ್ನುತ್ತಾರೆ ನಮ್ಮವರು. ನಮ್ಮೂರಿನಲ್ಲಿ ಯಾರನ್ನು ಏನೆಂದು ಬೈದರೂ ನಡೆಯುತ್ತದೆ, ನಿದ್ದೆಗೇಡಿ ಎಂದು ಬೈದರೆ ಜೀವಮಾನ ಮಾತು ಬಿಡುತ್ತಾರೆ.

ನನ್ನ ಕೆಳಗಿನ ಬರ್ತು ಹುಸೇನಬಿಯದು. ಅದರ ಎದುರಿನ ಕೆಳಗಿನ ಬರ್ತು ಆಕೆಯ ಗಂಡ ಇಮಾಮಸಾಬನದಾಗಿತ್ತು. ಪಿಂಜಾರರ ಆ ಮನೆಯವರನ್ನು ನಾನು ಚಿಕ್ಕಂದಿನಿಂದ ಕಾಕಾ, ಕಾಕೂ ಎಂದೇ ಕರೆದವಳು. ಇಮಾಮ ಕಾಕಾ ಹಗಲೆಲ್ಲ ಹತ್ತಿ ಹಿಂಜಿ ಬರ್ತಿನ ಅಗಲಕ್ಕೆ ಸರಿಯಾಗಿ ತೆಳ್ಳನೆಯ ಗಾದಿ ಹೊಲಿಯುತ್ತಿದ್ದ. ಊರಿನಲ್ಲಿ ಅವನು ಹೊಲಿದ ಗಾದಿಯ ಮೇಲೆ ಮಲಗದವರಿಲ್ಲ. ಅವನದು ಮಾತು ಕಡಿಮೆ, ಆಕೆಯದು ಇಬ್ಬರಿಗೂ ಸಾಕಾಗಿ ಮಿಕ್ಕುವಷ್ಟು. ಗಾಡಿ ನಿಧಾನವಾಗುತ್ತಿದ್ದಂತೆ ಬೆಳಗಿನ ಜಾವ ಡಬ್ಬಿಯಲ್ಲಿ ಕೇಳುತ್ತಿದ್ದ ಮೊದಲ ಮಾತು ಆಕೆಯದೇ: "ಊರು ಬಂತು, ಏಳ್ರಿ." ಕಾಕಾ ಕಣ್ಣು ಸಹ ಪೂರ್ತಿ ತೆರೆಯದೆ ಎದ್ದು, ಗಾದಿ ಸುತ್ತಿ ಹೆಗಲಿಗೇರಿಸಿ ನಿಂತುಬಿಡುತ್ತಿದ್ದ. ಕಿಟಕಿಯ ಪಕ್ಕದ ಗೂಟಕ್ಕೆ ತೂಗಿಬಿಟ್ಟ ಕನ್ನಡಕವನ್ನು ತೆಗೆದುಕೊಂಡು ಅವನ ಕಿವಿಗೆ ಸಿಕ್ಕಿಸುವುದು ಕೂಡ ಆಕೆಯ ಕೆಲಸ.

ಸಂಕ್ರಾಂತಿಯ ಹಿಂದುಮುಂದಿನ ಒಂದು ಬೆಳಗ್ಗೆ ಆಕೆ ಎಂದಿನಂತೆ ಆ ಮಾತು ಹೇಳಿ ಎದುರಿಗೆ ನೋಡಿದರೆ ಬರ್ತು ಖಾಲಿ ಇತ್ತು. ಕಾಕಾ ಇಲ್ಲ, ಗಾದಿ ಇಲ್ಲ, ಚಪ್ಪಲಿ ಇಲ್ಲ. ಕನ್ನಡಕ ಮಾತ್ರ ಗೂಟದಲ್ಲಿ ತೂಗುತ್ತಿತ್ತು. ಬಾಗಿಲಿನ ಅಗಳಿ ತೆರೆದಿತ್ತು.

ಇಂಜಿನ್ನು ತಿರುಗುವ ಸ್ಟೇಶನ್ನಿನಲ್ಲಿ ಇಳಿದಿರಬೇಕು ಎಂದು ಎಲ್ಲರಿಗೂ ಹೊಳೆಯಿತು. ಇಬ್ಬರು ಗಂಡಸರು ಹಳಿ ಹಿಡಿದು ಹುಡುಕಲು ಹೋದರು. ಬೆಟ್ಟದಾಚೆ ಹಳಿ ಮೂರು ಕವಲಾಗಿದೆ, ಯಾವುದೆಂದು ಹಿಡಿಯುವುದು ಎಂದು ಕಣ್ಣು ಕೆಂಪಗೆ ಮಾಡಿಕೊಂಡು ವಾಪಸು ಬಂದರು. ಮರುದಿನ ಅದೇ ಗಾಡಿ ಹತ್ತಿಕೊಂಡು ಬರುತ್ತಾನೆ ಬಿಡು ಎಂದು ಊರು ಕಾಯಿತು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಆಗ ಮಾತು ತಿರುಗಿತು. ಗಾಡಿ ದಿನಾ ಅಲ್ಲಿ ನಿಲ್ಲುತ್ತದಲ್ಲ, ಬರುವ ಮನಸ್ಸಿದ್ದರೆ ಬರುತ್ತಿರಲಿಲ್ಲವೇ? ಆ ಕಡೆ ನೆಲದ ಮೇಲೂ ನಿದ್ದೆ ಬರುತ್ತದಂತೆ, ಹುಸೇನಬಿಯ ಬಾಯಿಯೂ ಇಲ್ಲ, ಇನ್ಯಾಕೆ ಬಂದಾನು? ಅದನ್ನು ಆಕೆಯ ಕಿವಿಗೆ ಬೀಳುವ ಹಾಗೆಯೇ ಆಡುತ್ತಿದ್ದರು. ನಮ್ಮ ಟೀಸಿ ವೀರೇಶಿ ಮಾತ್ರ ತನ್ನ ಕೆಲಸ ಮಾಡಿದ. ತೆರೆದಿದ್ದ ಅಗಳಿ ನೋಡಿ ಕಳ್ಳರ ಭಯ ಹಿಡಿದು, ಅಂದಿನಿಂದ ಅಗಳಿಯ ಜೊತೆಗೆ ಬಾಗಿಲಿಗೊಂದು ಹಗ್ಗವನ್ನೂ ಬಿಗಿಸಿದ.

ತಿಂಗಳೊಪ್ಪತ್ತಿಗೆ ಕಾಕಾನ ಬರ್ತು ಸರದಿಯಲ್ಲಿ ಕಾಯುತ್ತಿದ್ದ ಬೀಡಾ ಅಂಗಡಿಯ ಕಾಳಿಂಗಪ್ಪನಿಗೆ ಹೋಯಿತು. ಹುಸೇನಬಿ ಗೂಟದಲ್ಲಿದ್ದ ಕನ್ನಡಕವನ್ನು ತೆಗೆದು ಸೆರಗಿಗೆ ಒರೆಸಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಊರು ಬಂದಾಗ ಆಕೆ ಸುಮ್ಮನೆ ಎದ್ದು ಇಳಿಯತೊಡಗಿದಳು, ಬೆಳಗಿನ ಆ ಮಾತು ನಿಂತಿತು. ನಮ್ಮಲ್ಲಿ ಒಂದಿಬ್ಬರು ಏಳುವುದು ತಡವಾಗಿ ಖಾಲಿ ಗಾಡಿಯಲ್ಲೇ ಉಳಿದದ್ದೂ ಉಂಟು.

ಆ ಚಳಿಗಾಲದಲ್ಲಿ ನಮ್ಮ ಡಬ್ಬಿಗೆ ಕನಸಿನ ಪೀಡೆಯೊಂದು ಹತ್ತಿತು. ಬೆಳಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ನೋಡಿದರೆ ಎಲ್ಲರದೂ ಒಂದೇ ಕತೆ. ಯಾರೋ ಅವಲಕ್ಕಿ ಕುಟ್ಟುತ್ತಿದ್ದರು ಎಂದು ಕಾಳಿಂಗಪ್ಪ, ಯಾರೋ ಬಂಡೆಗೆ ಬಟ್ಟೆ ಬಡಿಯುತ್ತಿದ್ದರು ಎಂದು ಮೇಲಿನ ಬರ್ತಿನ ಮಾಸ್ತರರು. ನನಗೆ ಗಿರಣಿಯ ಬೆಲ್ಟು ಸಡಿಲಾಗಿ ಟಕ್ ಟಕ್ ಎನ್ನುತ್ತಿತ್ತು. ಹತ್ತಿ ಹಿಂಜುವ ಸದ್ದು ಕೇಳಿತು ಎಂದು ಹುಸೇನಬಿ ಹೇಳಿದಾಗ ಪಾಪ ಎಂದುಕೊಂಡೆವು. ಒಂದೇ ಬುತ್ತಿ ಹಂಚಿ ತಿನ್ನುವವರಿಗೆ ಒಂದೇ ಕನಸು ಬೀಳದೆ ಇನ್ನೇನು ಎಂದು ನಗೆಯಾಡಿದೆವು. ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಆ ಕನಸು ನಿಂತಿತು. ಬಿದ್ದದ್ದನ್ನು ಮಾತಾಡಿದ ನಾವು ನಿಂತದ್ದನ್ನು ಮಾತಾಡಲಿಲ್ಲ.

ಮಳೆಗಾಲದ ಆರಂಭದಲ್ಲಿ ಒಂದು ಬೆಳಗ್ಗೆ ಚಹಾದ ಹೊತ್ತಿಗೆ ನಾನು ಹುಸೇನಬಿಯನ್ನು ಕೆಣಕಿದೆ. ಆಕೆ ಮಾತು ಬಿಟ್ಟು ಕೂತದ್ದು ನನಗೆ ನೋಡಲಾಗುತ್ತಿರಲಿಲ್ಲ, ಬೈಸಿಕೊಂಡಾದರೂ ಬಾಯಿ ಬಿಡಿಸೋಣ ಎಂದು.

"ಕಾಕೂ, ನಿದ್ದ್ಯಾಗರ ಬಾಯಿಗೆ ಸೂಟಿ ಕೊಡ್ರಿ. ರಾತ್ರಿ ಚಾದರ ಎಳಕೊಳ್ಳಾಕ ಅರೆಬರೆ ಎಚ್ಚರಾಗಿತ್ತು, ಕೆಳಗಿಂದ 'ಊರು ಬಂತು, ಏಳ್ರಿ' ಅಂತ ಒದರಿದ್ರಿ. ಖರೇ ಅಂತ ತಿಳಿದು ನಾ ಕಾಲು ಕೆಳಗ ಬಿಟ್ಟಿದ್ದೆ."

ಆಕೆ ಬೈಯಲಿಲ್ಲ. ಕೈಯಲ್ಲಿದ್ದ ಬಸಿಯಿಂದ ಚಹಾ ಸೀರೆಯ ಮೇಲೆ ಸುರಿಯುತ್ತಿತ್ತು. ಅದನ್ನೂ ನೋಡಿಕೊಳ್ಳಲಿಲ್ಲ. ನನ್ನ ತಲೆಯೂ ಗಿರಣಿಯ ಕಲ್ಲಿನ ಹಾಗೆಯೇ, ಹಾಕಿದ್ದನ್ನು ಬೀಸುತ್ತದೆ, ತಾನಾಗಿ ಏನನ್ನೂ ತಿಳಿಯುವುದಿಲ್ಲ. ಕೆಲಸಕ್ಕೆ ಹೊತ್ತಾಯಿತೆಂದು ಎದ್ದು ಹೋದೆ.

ಅಂದು ರಾತ್ರಿಯಿಂದ ಹುಸೇನಬಿ ಮಲಗಲಿಲ್ಲ. ಬುತ್ತಿ ಉಂಡದ್ದಾಯಿತು, ದೀಪ ಆರಿತು, ಆಕೆ ಕಿಟಕಿಯ ಷಟರ್ ನಾಲ್ಕು ಬೆರಳು ಎತ್ತಿ ಅದಕ್ಕೆ ಮುಖ ಕೊಟ್ಟು ಗಟ್ಟಿಯಾಗಿ ಕೂತಳು. ನಾನು ಪಕ್ಕದಲ್ಲಿ ಕೂತು ಕಾದೆ. ಎದುರಿಗೆ ಕಾಳಿಂಗಪ್ಪನ ಗೊರಕೆ ಶುರುವಾಯಿತು.

"ಕಾಕೂ, ಮಲಗ್ರಿ ಇನ್ನ. ನಾ ಬರ್ತ್ ತಗೀಬೇಕು."

"ನೀ ತಗಿ ಯವ್ವಾ."

"ನೀವು ಕುಂತ್ರ ಹೆಂಗ ತಗೀಲಿ? ನಿಮ್ಮ ತಲಿ ಎಲ್ಲಿ ಇಡಲಿ?"

"ಇವತ್ತೊಂದಿನ ತಡಿ."

ಇವತ್ತೊಂದಿನ ಎಂದದ್ದು ವಾರಗಟ್ಟಲೆ ನಡೆಯಿತು. ಆ ಗಾಡಿಯಲ್ಲಿ ಕೂತರೂ ನಿದ್ದೆ ಹಿಡಿಯುತ್ತದೆ, ಆದರೆ ಅದು ನಿದ್ದೆಯ ಚಿಂದಿ. ಎಲ್ಲೋ ದಾರಿಯಲ್ಲಿ ಇಬ್ಬರದೂ ಕತ್ತು ಕೆಳಗೆ ಬೀಳುತ್ತಿತ್ತು. ಊರಿನ ಬೇವಿನ ಮರ ಕಾಣುವಾಗ ಎಚ್ಚರಾದರೆ ಆಕೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಕೇಳಿದರೆ ಹೇಳುತ್ತಿರಲಿಲ್ಲ. ಒಮ್ಮೆ ಬಾಗಿಲ ಬಳಿ ನಿಂತು ನೋಡಿದಳಂತೆ, ನಿಂತಲ್ಲೇ ನಿದ್ದೆ ಬಂದು ಮುಗ್ಗರಿಸಿ ಬಿದ್ದಳು, ವೀರೇಶಿ ಗದರಿಸಿ ಕೂರಿಸಿದ.

ಒಂದು ಮಧ್ಯಾಹ್ನ ಗಿರಣಿಯಲ್ಲಿ ಜೋಳ ಸುರಿಯುತ್ತ ನಿಂತಲ್ಲೇ ನನ್ನ ಕಣ್ಣು ಮುಚ್ಚಿತು. ಸೆರಗು ಬೆಲ್ಟಿಗೆ ಸಿಕ್ಕಿತು. ಹಿಟ್ಟಿಗೆ ಬಂದಿದ್ದ ಹೆಂಗಸು ಚೀರಿ ಮೋಟರ್ ಬಂದ್ ಮಾಡದಿದ್ದರೆ ಸೀರೆಯ ಹಿಂದೆ ನಾನೂ ಹೋಗುತ್ತಿದ್ದೆ. ಹರಿದ ಸೆರಗು ಸುತ್ತಿಕೊಂಡು ಆ ಸಂಜೆ ನೆಟ್ಟಗೆ ವೀರೇಶಿಯ ಬಳಿ ಹೋಗಿ, ಆ ಮುದುಕಿಯನ್ನು ಮಲಗಿಸು, ಇಲ್ಲವೆ ನನ್ನನ್ನು ಮಣ್ಣಿಗೆ ಹಾಕು ಎಂದು ಕೂಗಾಡಿದೆ.

ವೀರೇಶಿ ಟೋಪಿ ಸರಿಮಾಡಿಕೊಂಡು ಬಂದ. ಅಕ್ಕಪಕ್ಕದ ಬರ್ತಿನವರೆಲ್ಲ ಕತ್ತು ಚಾಚಿದರು.

"ಹುಸೇನಬಿ, ದೀಪ ಆರಿದ ಮ್ಯಾಲೆ ನಡುವಿನವರು ಕೇಳಿದ್ರ ಕೆಳಗಿನವರು ಮಲಗಾಕ ಬೇಕು. ಇದು ಕಾಯ್ದೆ. ಮಲಗ್ರಿ."

"ಮಲಗಿದ್ರ ನಿದ್ದಿ ಬರತೈತ್ರಿ ಸಾಹೇಬ್ರ."

ಎಲ್ಲರೂ ನಕ್ಕರು. "ಮತ್ತ ನಿದ್ದಿ ಬರಲಿ ಅಂತನ ಅಲ್ಲೇನ ಈ ಗಾಡಿ ಇರೂದು?" ಎಂದ ವೀರೇಶಿ.

"ನಾ ಆ ಸ್ಟೇಶನ್ ನೋಡಬೇಕ್ರಿ."

ನಗು ನಿಂತಿತು. ಆಕೆ ಚೀಲದಿಂದ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ವೀರೇಶಿಯನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದಳು.

"ಅವರು ಹೋದ ರಾತ್ರಿ ನನಗ ಕನಸು ಬಿದ್ದಿತ್ತು ಚಂಪಾ. ಕನಸಿನ್ಯಾಗ ಬೆಳಕಾಗಿತ್ತು, ನಮ್ಮ ಬೇವಿನ ಗಿಡ ಕಂಡಿತ್ತು. ದಿನಾ ಎಬ್ಬಿಸಿದಂಗ ಎಬ್ಬಿಸಿದೆ. ಕನಸಿನ್ಯಾಗ ಎಬ್ಬಿಸಿದ್ದು ಅಂತ ತಿಳಕೊಂಡು ಕುಂತಿದ್ದೆ ಇಷ್ಟು ದಿನಾ. ನೀ ಹೇಳಿದ ಮ್ಯಾಲೆ ತಿಳೀತು, ಬಾಯಿಂದನೂ ಅಂದಿರಬೇಕು ಅಂತ. ಲಗ್ನ ಆದಾಗಿಂದ ನಾ ಎಬ್ಬಿಸಿದಾಗ ಅವರು ಒಂದಿನರ ಖರೇನ ಅಂತ ಕೇಳಿದವರಲ್ಲ. ಎದ್ದು ಗಾದಿ ಸುತ್ತಿಕೊಂಡು ಇಳದಾರ. ಈ ಚಾಳೀಸ ಇಲ್ಲಂದ್ರ ಅವರಿಗೆ ಯಾವ ಊರಾದ್ರೇನು, ಎಲ್ಲಾ ಒಂದ."

ಕಾಳಿಂಗಪ್ಪ ತಾನು ಕೂತಿದ್ದ ಬರ್ತಿನಿಂದ ಎದ್ದು ನಿಂತ.

"ಓಡಿಹೋದಾ ಅಂತೀರಿ. ಓಡಿಹೋಗಿದ್ರ ಹೋಗಲಿ ಬಿಡ್ರಿ, ನನ್ನ ಬಾಯಿ ಹಂಗ ಐತಿ. ನಾ ಎಬ್ಬಿಸಿದ್ದಕ್ಕ ಇಳದಿದ್ರ? ಅದೊಂದು ನನಗ ಗೊತ್ತಾಗಬೇಕು. ಆಮ್ಯಾಲೆ ಮಲಗತೀನಿ."

ವೀರೇಶಿ ಕಾಯ್ದೆಯನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಆಮೇಲೆ ಆಕೆಯ ಮೇಲೆ, ಆಮೇಲೆ ಊರಿನ ಮೇಲೆ. ಆ ಹಾಳು ಮಾತನ್ನು ನಾನು ಮಳೆಗಾಲದ ತನಕ ಯಾಕೆ ಕಾದು ಆಡಿದೆ ಎಂದು ಈಗಲೂ ಅನಿಸುತ್ತದೆ. ಆದರೆ ಅದಕ್ಕೆ ಮೊದಲು ನನಗೆ ಎಚ್ಚರವೇ ಆಗಿರಲಿಲ್ಲ.

"ಅತ್ಲಾಗ ಸರೀರಿ ಕಾಕೂ," ಎಂದೆ. "ಇಬ್ಬರೂ ಕೂಡಿ ನೋಡೂಣು."

ಎಚ್ಚರ ಇರುವುದೆಂದರೆ ನಮ್ಮೂರಿನವರಿಗೆ ಈಜು ಬಾರದವರು ನೀರಿಗೆ ಇಳಿದ ಹಾಗೆ. ಒಬ್ಬರನ್ನೊಬ್ಬರು ಚಿವುಟಿಕೊಂಡೆವು. ಹಸಿಮೆಣಸಿನಕಾಯಿ ಕಚ್ಚಿದೆವು, ಅದು ಬಾಯಲ್ಲಿರುವಾಗಲೇ ನಿದ್ದೆ ಬಂತು. ಬೆಳಗ್ಗೆ ಎದ್ದರೆ ಆಕೆಯ ತಲೆ ನನ್ನ ಹೆಗಲಿನ ಮೇಲೆ, ನನ್ನ ತಲೆ ಆಕೆಯ ತಲೆಯ ಮೇಲೆ. "ಛಲೋ ಕಾವಲು ಮಾಡಿದ್ರಿ ಇಬ್ಬರೂ," ಎಂದು ಕಾಳಿಂಗಪ್ಪ ಚಹಾ ತಂದುಕೊಟ್ಟ. ಈಗೀಗ ಅವನೂ ನಗುತ್ತಿರಲಿಲ್ಲ. ನಾನು ಗಿರಣಿಯನ್ನು ಮಧ್ಯಾಹ್ನಕ್ಕೇ ಮುಚ್ಚತೊಡಗಿದ್ದೆ. ಕೊನೆಗೆ ನನಗೆ ನನ್ನ ಕಸುಬೇ ನೆನಪಾಯಿತು. ಒಣಮೆಣಸಿನಕಾಯಿ ಬೀಸುವ ದಿನ ಗಿರಣಿಯ ಮುಂದೆ ನಾಯಿ ಕೂಡ ಹಾಯುವುದಿಲ್ಲ. ಆಗ ತಾನೆ ಬೀಸಿದ ಖಾರದ ಪುಡಿಯನ್ನು ಒಂದು ಚಿಂದಿಯಲ್ಲಿ ಕಟ್ಟಿಕೊಂಡು ಹೋದೆ. ರೆಪ್ಪೆ ಬಿದ್ದಾಗಲೆಲ್ಲ ಗಂಟನ್ನು ಮೂಗಿನ ಹತ್ತಿರ ಹಿಡಿದುಕೊಂಡೆವು. ಸೀನು ಬಂದರೆ ಯಾರ ನಿದ್ದೆಯೂ ಕೆಡದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಸೀನಿದೆವು. ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ಸುರಿಯುತ್ತಿರುವುದು ಖಾರಕ್ಕೋ ಇನ್ನೊಂದಕ್ಕೋ ಎಂದು ನಾನು ಆಕೆಯನ್ನು ಕೇಳಲಿಲ್ಲ.

ಗಾಡಿ ನಿಧಾನವಾಯಿತು. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು ಅದು ಅಲ್ಲಿ ನಿಲ್ಲುವುದನ್ನು ಕಂಡೆ. ಒಂದು ಜಗ್ಗು, ಆಮೇಲೆ ಸದ್ದಿಲ್ಲ. ಇಂಜಿನ್ನು ಕಳಚಿಕೊಂಡು ಹೋದದ್ದು ಕೇಳಿಸಿತು. ನಾನು ಓಡಿಹೋಗಿ ಹಗ್ಗ ಬಿಚ್ಚಿ ಅಗಳಿ ತೆಗೆದೆ. ಹುಸೇನಬಿ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಹೆಗಲಿಗೆ ಕೈ ಊರಿ ಇಳಿದಳು.

ಸಣ್ಣ ಸ್ಟೇಶನ್ನು. ಒಂದು ದೀಪ, ಒಂದು ನಲ್ಲಿ, ಒಂದು ಸಿಮೆಂಟಿನ ಬೆಂಚು. ಹೆಸರಿನ ಹಲಗೆಯ ಬಣ್ಣ ಉದುರಿ ಅಕ್ಷರ ಉಳಿದಿರಲಿಲ್ಲ. ಜನ ಯಾರೂ ಇರಲಿಲ್ಲ. ಕೈಯಲ್ಲಿ ಕಂದೀಲು ಹಿಡಿದ ನಡುವಯಸ್ಸಿನವನೊಬ್ಬ ನಮ್ಮನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಈ ಗಾಡ್ಯಾಗ ಖರೇನ ಮಂದಿ ಇರತೀರಿ?" ಎಂದ. "ನಾವು ಖಾಲಿ ಗಾಡಿ ಅಂತ ತಿಳಿದಿದ್ವಿ. ಮುದುಕಪ್ಪ ಹೇಳಿದ್ರೂ ನಂಬಿದ್ದಿಲ್ಲ."

ಹುಸೇನಬಿ ಅವನ ತೋಳು ಹಿಡಿದುಕೊಂಡಳು. "ಯಾವ ಮುದುಕಪ್ಪ? ಎಲ್ಲಿ ಅದಾರ?"

ಅವನು ಆಕೆಯ ಕೈಯಲ್ಲಿದ್ದ ಕನ್ನಡಕ ನೋಡಿದ. ಕಂದೀಲನ್ನು ಕೆಳಗಿಟ್ಟ. "ನೀವೇನ್ರಿ ಅವರ ಮನಿಯವರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬೆಂಚಿನ ಮೇಲೆ ಕೂಡಿ ಎಂದ. ಆಕೆ ಕೂರಲಿಲ್ಲ.

"ಚಳಿಗಾಲದಾಗ ಇಳದ್ರು. ಇಳದ ಮ್ಯಾಲೆ ಇದು ತಮ್ಮೂರಲ್ಲ ಅಂತ ತಿಳಿಯೂದ್ರಾಗ ಗಾಡಿ ಹೋಗಿತ್ತು. ಮರುದಿನದಿಂದ ದಿನಾ ಗಾಡಿ ಬರೂ ಹೊತ್ತಿಗೆ ಗಾದಿ ಹೆಗಲ ಮ್ಯಾಲೆ ಹಾಕ್ಕೊಂಡು ನಿಂದರತಿದ್ರು. ಚಾಳೀಸ ಇಲ್ಲ, ಯಾವ ಡಬ್ಬಿ ಅಂತ ಕೈಲೆ ಮುಟ್ಟಿ ಮುಟ್ಟಿ ಹುಡುಕತಿದ್ರು. ಬಾಗಿಲಾ ಎಲ್ಲಾ ಒಳಗಿಂದ ಹಾಕಿರತಿದ್ವು. ಬಡೀತಿದ್ರು."

"ಬಡೀತಿದ್ರು?" ಎಂದೆ ನಾನು.

ಅವನು ಹೋಗಿ ನಮ್ಮ ಡಬ್ಬಿಯ ಮೈಗೆ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದ. ಟಕ್ ಟಕ್. ಸ್ವಲ್ಪ ತಡೆದು ಮತ್ತೆ ಟಕ್ ಟಕ್.

ಅದು ನನ್ನ ಗಿರಣಿಯ ಬೆಲ್ಟು. ಕಾಳಿಂಗಪ್ಪನ ಅವಲಕ್ಕಿ, ಮಾಸ್ತರರ ಬಟ್ಟೆ, ಹುಸೇನಬಿಯ ಹತ್ತಿ ಅದು. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ನಾವೆಲ್ಲ ಅದನ್ನು ಕೇಳಿಸಿಕೊಂಡು, ಬೆಳಗ್ಗೆ ಚಹಾ ಕುಡಿಯುತ್ತ ನಕ್ಕಿದ್ದೆವು. ನಾನು ನಲ್ಲಿಯ ಕಟ್ಟೆ ಹಿಡಿದುಕೊಂಡು ನಿಂತೆ.

"ಇಷ್ಟು ಮೆಲ್ಲಕ ಬಡದ್ರ ಯಾರಿಗೆ ಕೇಳಬೇಕ್ರಿ? ನಾ ಒಂದಿನ ಕಲ್ಲು ತಗೊಂಡಿದ್ದೆ. ಕೈ ಹಿಡಕೊಂಡ್ರು. 'ಬ್ಯಾಡಪ್ಪಾ, ಒಳಗ ಮಂದಿ ಮಲಗ್ಯಾರ, ಹಗಲೆಲ್ಲಾ ದುಡದ ಮಂದಿ, ನಿದ್ದಿ ಕೆಟ್ಟೀತು. ನಮ್ಮಾಕಿ ಎಬ್ಬಿಸೂದು ಎಂದೂ ತಪ್ಪಿಸಿಲ್ಲ. ಇವತ್ತಿಲ್ಲ ನಾಳೆ ಆಕಿಗೆ ಎಚ್ಚರಾಕ್ಕೈತಿ' ಅನ್ನೂರು."

ಹುಸೇನಬಿ ಡಬ್ಬಿಯ ಬಾಗಿಲ ಬಳಿಗೆ ಹೋದಳು. ಅದರ ಮೇಲೆ ಅಂಗೈ ಇಟ್ಟು, ಯಾರದೋ ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತಳು.

"ಈಗೆಲ್ಲಿ ಅದಾರ?" ಎಂದು ಕೇಳಿದಳು. ಕೇಳಿದ ರೀತಿಯಲ್ಲೇ ಆಕೆಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

"ಮೊದಲ ಮಳಿಗೆ ತೊಯ್ಸಿಕೊಂಡ್ರು. ಜ್ವರ ಬಂತು. ಆ ಬೆಂಚಿನ ಮ್ಯಾಲೇ ಮಲಗಿದವರು ಮುಂಜಾನೆ ಏಳಲಿಲ್ರಿ. ನಮ್ಮೂರ ಮಸೂತಿಯವರು ಬಂದು ಕ್ರಮದಂಗ ಮಣ್ಣು ಮಾಡ್ಯಾರ. ಏನೂ ಕಡಿಮಿ ಮಾಡಿಲ್ಲ."

ದೂರದಲ್ಲಿ ಇಂಜಿನ್ನು ಈ ತುದಿಗೆ ಬಂದು ಕೂಡಿಕೊಂಡಿತು. ಡಬ್ಬಿಗಳು ಒಂದಕ್ಕೊಂದು ತಾಗಿ ಅಲುಗಿದವು. ಆಕೆ ಇನ್ನೂ ಒಂದು ಮಾತು ಕೇಳಿದಳು.

"ಇಲ್ಲೆ ನೆಲದ ಮ್ಯಾಲೆ ಅವರಿಗೆ ನಿದ್ದಿ ಬರತಿತ್ತೇನಪಾ?"

"ಭಾಳ ಛಲೋ ಬರತಿತ್ರಿ. ಹಗಲೂ ಮಲಗೂರು. ನಮ್ಮ ಮನ್ಯಾಗ ಇರ್ರಿ, ಇಲ್ಲೇ ಗಾದಿ ಹೊಲಕೊಂಡಿರ್ರಿ ಅಂತ ಎಷ್ಟು ಹೇಳಿದೆ. ಒಲ್ಲೆ ಅಂದ್ರು. ರಾತ್ರಿ ಆದ್ರ ಎದ್ದು ಗಾದಿ ಸುತ್ತಿಕೊಂಡು ಬಂದು ನಿಂದರೂರು."

ಓಡಿಹೋದವನಲ್ಲ. ಊರಿನ ಒಂದೊಂದು ಬಾಯಿಯನ್ನೂ ಅಲ್ಲಿಗೆ ಎಳೆದು ತಂದು ಕೇಳಿಸಬೇಕೆನಿಸಿತು ನನಗೆ. ಆದರೆ ಓಡಿಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲಿಯೋ ನೆಲದ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದ, ಆಕೆ ಇಲ್ಲಿ ಅವನನ್ನು ಬೈದುಕೊಂಡಿರುತ್ತಿದ್ದಳು.

ಗಾಡಿ ಸೀಟಿ ಹಾಕಿತು. ಕಂದೀಲಿನವನು ಓಡಿಹೋಗಿ ತನ್ನ ಕೋಣೆಯಿಂದ ಗಾದಿಯ ಸುರುಳಿ ತಂದುಕೊಟ್ಟ. ಅಗಲ ಕಡಿಮೆ, ನಮ್ಮ ಮನಿ ಮಂಚಕ್ಕ ಹೊಂದಲಿಲ್ಲ, ಹಂಗ ಇಟ್ಟೀನಿ ಎಂದ. ಹುಸೇನಬಿ ಗಾದಿಯನ್ನು ಎದೆಗೆ ಒತ್ತಿಕೊಂಡಳು. ಕನ್ನಡಕವನ್ನು ಅವನ ಕೈಗಿಟ್ಟಳು. "ಮಣ್ಣಿನ ಮ್ಯಾಲಿಟ್ಟು ಬಾರಪಾ. ನಾಳೆ ಹೊತ್ತು ಇದ್ದಾಗ ನಾನೂ ಬರತೀನಿ," ಎಂದಳು. ನಮಗೆ ಹಗಲಿನ ಗಾಡಿ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕೈ ಹಿಡಿದು ಹತ್ತಿಸಿದೆ. ಹತ್ತಿದ ಮೇಲೆ ಅಗಳಿ ಹಾಕಲಿಲ್ಲ, ಹಗ್ಗವನ್ನು ಕಿತ್ತು ಹೊರಗೆ ಎಸೆದೆ.

ಆಕೆ ಅಳಲಿಲ್ಲ. ಅಳು ನನಗೆ ಬಂತು, ಬಾಯಿಗೆ ಸೆರಗು ತುರುಕಿಕೊಂಡೇ ಅತ್ತೆ, ಸುತ್ತ ಜನ ಮಲಗಿದ್ದರಲ್ಲ. ಹುಸೇನಬಿ ತನ್ನ ಗಾದಿಯನ್ನು ಸುತ್ತಿಟ್ಟು ಕಾಕಾನ ಗಾದಿಯನ್ನು ಬಿಚ್ಚಿ ಹಾಸಿದಳು. ನಾಲ್ಕೂ ಮೂಲೆ ಎಳೆದು ಸರಿಮಾಡಿದಳು. ಮಧ್ಯೆ ಎಲ್ಲೋ ಹತ್ತಿ ಗಂಟಾದಲ್ಲಿ ಬೆರಳಿನಿಂದ ಬಿಡಿಸಿದಳು.

"ಚಂಪಾ, ಬರ್ತ್ ತಗದು ಮಲಕೋ ಯವ್ವಾ," ಎಂದಳು. "ಭಾಳ ದಿನ ಆತು ನೀ ಮಲಗಿ."

ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಬರ್ತನ್ನು ಎತ್ತಿ ಸರಪಳಿಗೆ ಸಿಕ್ಕಿಸಿ ಮೇಲೆ ಹತ್ತಿದೆ. ಎಷ್ಟೋ ರಾತ್ರಿಗಳಿಂದ ನಾನು ಬೇಡಿಕೊಂಡ ಸುಖ ಅದು. ಗಾಲಿಯ ಸದ್ದು ಒಂದೇ ಸಮನಾಗಿತ್ತು, ಬರ್ತು ತೂಗುತ್ತಿತ್ತು, ಮೈ ಚಾಚಿದ್ದೆ. ನಿದ್ದೆ ಬರಲಿಲ್ಲ. ಹೊರಳಿದೆ, ದಿಂಬು ತಿರುಗಿಸಿದೆ, ಬರಲಿಲ್ಲ. ಕೆಳಗೆ ಆಕೆಯ ಉಸಿರು ಬಹಳ ಹೊತ್ತಿನ ಮೇಲೆ ನಿಧಾನವಾಯಿತು. ಆಕೆಗಾದರೂ ಬಂತಲ್ಲ ಎಂದು ಸಮಾಧಾನವಾಯಿತು.

ಬೆಟ್ಟ ಇನ್ನೂ ದಾಟಿರಲಿಲ್ಲ. ಹೊರಗೆ ಕತ್ತಲು ಹಾಗೆಯೇ ಇತ್ತು. ಆಗ ಕೆಳಗಿನಿಂದ, ಎಷ್ಟೋ ತಿಂಗಳಿಂದ ಬೆಳಗಿನ ಜಾವ ಕೇಳದಿದ್ದ ಆ ಗಟ್ಟಿ ದನಿ ಸ್ಪಷ್ಟವಾಗಿ ಬಂತು.

"ಊರು ಬಂತು, ಏಳ್ರಿ."

ಎದುರಿನ ಬರ್ತಿನಲ್ಲಿ ಕಾಳಿಂಗಪ್ಪನ ಗೊರಕೆ ನಿಂತಿತು. ಅವನು ಕಣ್ಣು ಮುಚ್ಚಿಕೊಂಡೇ ಎದ್ದು ಕೂತ. ಅವನ ಕಾಲುಗಳು ಕೆಳಗಿಳಿದು ಕತ್ತಲಲ್ಲಿ ಚಪ್ಪಲಿ ತಡಕಾಡತೊಡಗಿದವು.

ನಾನು ನಡುವಿನ ಬರ್ತಿನಿಂದ ಅರ್ಧ ಮೈ ಕೆಳಗೆ ಬಗ್ಗಿಸಿದೆ. ಒಂದು ಕೈಯಿಂದ ಅವನ ಹೆಗಲು ಹಿಡಿದೆ, ಇನ್ನೊಂದು ಕೈಗೆ ಆಕೆಯ ತಲೆ ಸಿಕ್ಕಿತು, ಅದನ್ನು ಸವರಿದೆ. ಯಾರ ನಿದ್ದೆಯೂ ಕೆಡದಷ್ಟು ಮೆಲ್ಲಗೆ, ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಇನ್ನಾ ಬಂದಿಲ್ಲ. ಮಲಗ್ರಿ."

ಕಾಳಿಂಗಪ್ಪ ಕಾಲು ಮೇಲೆಳೆದುಕೊಂಡು ಮಲಗಿದ. ಆಕೆ ಹ್ಞೂಂ ಎಂದಳು.